ಡಮಾಮ್ ಸದ್ದು ತೆರೆಗೆ ಬಂದ ದಾರಿ: ಸ್ವತಂತ್ರ ಚಲನಚಿತ್ರಕಾರನ ವೃತ್ತಿ ಮತ್ತು ಉತ್ತರ ಕನ್ನಡದ ಕಾಡು

ಜಯನ್ ಚೆರಿಯನ್ ಮಲಯಾಳಂ ಕವಿ. ನ್ಯೂಯಾರ್ಕಿನಲ್ಲಿ ಸಿನಿಮಾ ಕಲಿತವರು, ಯಾವ ದೊಡ್ಡ ಬ್ಯಾನರಿಗೂ ಸೇರದೆ ಚಿತ್ರ ಮಾಡುತ್ತ ಬಂದವರು. ಅವರು ಬರೆದು ನಿರ್ದೇಶಿಸಿದ ‘ರಿದಮ್ ಆಫ್ ಡಮಾಮ್’ 2024ರ ನವೆಂಬರ್‌ನಲ್ಲಿ ಗೋವಾದ ಭಾರತೀಯ ಅಂತರರಾಷ್ಟ್ರೀಯ ಚಲನಚಿತ್ರೋತ್ಸವದಲ್ಲಿ ಪ್ರದರ್ಶನಗೊಂಡಿತು. ಮರುತಿಂಗಳೇ ತಿರುವನಂತಪುರದ ಕೇರಳ ಚಿತ್ರೋತ್ಸವದಲ್ಲೂ ಕಾಣಿಸಿತು. ಕಥೆ ಉತ್ತರ ಕನ್ನಡದಲ್ಲಿರುವ ಆಫ್ರಿಕ ಮೂಲದ ಸಿದ್ದಿ ಸಮುದಾಯದ ಮನೆತನವೊಂದರದು; ಡಮಾಮ್ ಈ ಸಮುದಾಯದ ಚರ್ಮವಾದ್ಯ. ತೆರೆಯ ಮೇಲೆ ಇರುವವರೂ ಬಹುಪಾಲು ಸಿದ್ದಿಗಳೇ. ಹಳಿಯಾಳ, ಯಲ್ಲಾಪುರ, ಮುಂಡಗೋಡ, ಅಂಕೋಲಾ ತಾಲೂಕುಗಳಲ್ಲಿ ತಲೆಮಾರುಗಳಿಂದ ಬಾಳುತ್ತಿರುವ ಜನ ಪೂರ್ಣ ಪ್ರಮಾಣದ ಕಥಾಚಿತ್ರವೊಂದರ ನಡುವೆ ನಿಂತದ್ದು ಹೀಗೆ.

ಈ ಚಿತ್ರ ಮಾಡಿದವರು ಹೊರಗಿನವರು. ಆದರೂ ಅವರು ನಡೆದ ದಾರಿಯನ್ನು ದಾಂಡೇಲಿ, ಹಳಿಯಾಳ, ಜೊಯಿಡಾ, ಮುಂಡಗೋಡದ ಸಿನಿಮಾ ಆಸಕ್ತರು ಗಮನವಿಟ್ಟು ನೋಡಬೇಕು. ಗಾಂಧಿನಗರದ ಚಿತ್ರೋದ್ಯಮದ ಲೆಕ್ಕಾಚಾರಕ್ಕೆ ಎಂದೂ ಸಿಗದಂಥ ಕಥೆಗಳು ಈ ನಾಲ್ಕು ತಾಲೂಕುಗಳಲ್ಲಿ ತುಂಬಿವೆ. ಅವುಗಳನ್ನು ತೆರೆಗೆ ತರಲು ಇರುವ ದಾರಿ ಬಹುಮಟ್ಟಿಗೆ ಸ್ವತಂತ್ರ ಚಿತ್ರಕಾರರ ದಾರಿಯೇ.

ಸ್ವತಂತ್ರ ಚಿತ್ರಕಾರ ಎಂದರೆ ಯಾರು?

ಕಥೆ ಬರೆಯುವವರು, ನಿರ್ದೇಶಿಸುವವರು, ಹಣ ಹೂಡುವವರು ಬೇರೆ ಬೇರೆ ಆಗಿರುವುದು ಚಿತ್ರೋದ್ಯಮದ ವಾಡಿಕೆ. ಹಣ ಹಾಕಿದವರ ಮಾತು ಕೊನೆಯ ಮಾತಾಗುತ್ತದೆ: ನಾಯಕ ಯಾರು, ಹಾಡು ಎಷ್ಟು, ಯಾವ ಹಬ್ಬಕ್ಕೆ ಬಿಡುಗಡೆ ಎಂಬುದೆಲ್ಲ ಅಲ್ಲೇ ತೀರ್ಮಾನ. ಸ್ವತಂತ್ರ ಚಿತ್ರಕಾರರು ಈ ಮೂರೂ ಕೆಲಸಗಳನ್ನು ತಾವೇ ಹೊರುತ್ತಾರೆ, ಇಲ್ಲವೇ ತಮ್ಮ ಮಾತನ್ನು ಒಪ್ಪುವ ಒಂದಿಬ್ಬರೊಡನೆ ಹಂಚಿಕೊಳ್ಳುತ್ತಾರೆ.

ನಿರ್ಮಾಪಕರ ಹೊರೆ ಬರೀ ದುಡ್ಡಿನದಲ್ಲ. ಚಲನಚಿತ್ರ ವಾಣಿಜ್ಯ ಮಂಡಳಿಯಲ್ಲಿ ಶೀರ್ಷಿಕೆ ನೋಂದಾಯಿಸಬೇಕು. ಕಥೆಯ ಹಕ್ಕು ಬರೆಸಿಕೊಳ್ಳಬೇಕು, ನಟರೊಂದಿಗೂ ತಂತ್ರಜ್ಞರೊಂದಿಗೂ ಕರಾರು ಮಾಡಿಕೊಳ್ಳಬೇಕು. ಯೂನಿಟ್‌ನ ಊಟ, ವಾಹನ, ದಿನದ ಭತ್ಯೆ ನೋಡಿಕೊಳ್ಳಬೇಕು. ಚಿತ್ರ ಮುಗಿದ ಮೇಲೆ ಸೆನ್ಸಾರ್ ಮಂಡಳಿಗೆ ಅರ್ಜಿ ಹಾಕಬೇಕು. ನಿರ್ದೇಶಕರೇ ಇದನ್ನೆಲ್ಲ ಮಾಡುವಾಗ ಬೆಳಿಗ್ಗೆ ದೃಶ್ಯ ತೆಗೆದವರೇ ಸಂಜೆ ಜನರೇಟರ್ ಬಾಡಿಗೆಯ ಲೆಕ್ಕ ಮಾಡುತ್ತ ಕೂರಬೇಕು. ಇಷ್ಟೆಲ್ಲ ಹೊತ್ತರೆ ಎರಡು ಅನುಕೂಲಗಳು ಸಿಗುತ್ತವೆ, ಎರಡೂ ಬೆಲೆಬಾಳುವಂಥವು. ಮೊದಲನೆಯದು ಸಮಯ, ಎರಡನೆಯದು ಪಾತ್ರಕ್ಕೆ ಯಾರು ಬೇಕೋ ಅವರನ್ನೇ ಆರಿಸುವ ಅಧಿಕಾರ. ಎಂದೂ ಕ್ಯಾಮೆರಾ ಕಾಣದ ಹುಡುಗನೊಬ್ಬ ನಟಿಸಲು ತಿಂಗಳುಗಟ್ಟಲೆ ಕಲಿಯಬೇಕಾದರೆ ಅಷ್ಟು ದಿನ ಕಾಯಬಲ್ಲವರು ಇಂಥವರೇ.

ಕನ್ನಡಕ್ಕೆ ಇದು ಹೊಸದಲ್ಲ. 1970ರ ‘ಸಂಸ್ಕಾರ’ವನ್ನು ಪಟ್ಟಾಭಿರಾಮ ರೆಡ್ಡಿ ತಾವೇ ನಿರ್ಮಿಸಿ ನಿರ್ದೇಶಿಸಿದರು. ಮದ್ರಾಸಿನ ಸೆನ್ಸಾರ್ ಅದನ್ನು ತಡೆಯಿತು. ತಡೆ ತೆರವಾದ ಮೇಲೆ ಅದೇ ಚಿತ್ರ ಕನ್ನಡಕ್ಕೆ ಮೊದಲ ಸ್ವರ್ಣಕಮಲ ತಂದಿತು. ಹೊನ್ನಾವರ ತಾಲೂಕಿನಲ್ಲಿ ಹುಟ್ಟಿದ ಶಂಕರ್‌ನಾಗ್ 1980ರಲ್ಲಿ ‘ಮಿಂಚಿನ ಓಟ’ದಿಂದ ನಿರ್ದೇಶಕರಾದರು. ನಟನೆಯ ಜನಪ್ರಿಯತೆಯನ್ನು ಬಂಡವಾಳ ಮಾಡಿಕೊಂಡು ಅವರು ತಮಗೆ ಬೇಕಾದ ಚಿತ್ರ ಮಾಡಿದರು. 1990ರ ಸೆಪ್ಟೆಂಬರ್ 30ರಂದು ದಾವಣಗೆರೆ ಬಳಿ ಅಪಘಾತದಲ್ಲಿ ತೀರಿಕೊಂಡಾಗ ಅವರಿಗಿನ್ನೂ 36 ತುಂಬಿರಲಿಲ್ಲ.

ಕವಿತೆಯಿಂದ ಕ್ಯಾಮೆರಾಕ್ಕೆ

ಜಯನ್ ಚೆರಿಯನ್ ಕೇರಳದಲ್ಲಿ ಹುಟ್ಟಿ ಅಮೆರಿಕಕ್ಕೆ ಹೋಗಿ ನೆಲೆಸಿದವರು. ಮಲಯಾಳಂನಲ್ಲಿ ಹಲವು ಕವನ ಸಂಕಲನಗಳನ್ನು ಪ್ರಕಟಿಸಿದ್ದಾರೆ. ನ್ಯೂಯಾರ್ಕಿನ ಹಂಟರ್ ಕಾಲೇಜು ಮತ್ತು ಸಿಟಿ ಕಾಲೇಜಿನಲ್ಲಿ ಓದಿ ಸಿನಿಮಾದಲ್ಲಿ ಸ್ನಾತಕೋತ್ತರ ಪದವಿ ಪಡೆದರು. ಆರಂಭದಲ್ಲಿ ಮಾಡಿದ್ದೆಲ್ಲ ಕಿರುಚಿತ್ರ ಮತ್ತು ಸಾಕ್ಷ್ಯಚಿತ್ರ. 2010ರ ‘ಶೇಪ್ ಆಫ್ ದಿ ಶೇಪ್‌ಲೆಸ್’ ಅವುಗಳಲ್ಲೊಂದು.

ಕಿರುಚಿತ್ರದಿಂದ ಆರಂಭಿಸುವುದು ಈ ವೃತ್ತಿಯ ಸಾಮಾನ್ಯ ಕ್ರಮ. ಹತ್ತು ಹದಿನೈದು ನಿಮಿಷದ ಚಿತ್ರ ಕೈತುಂಬ ಹಣ ಬೇಡುವುದಿಲ್ಲ, ಆದರೆ ಬರೆಯುವುದರಿಂದ ಹಿಡಿದು ಎಡಿಟಿಂಗ್, ಶಬ್ದ, ಉತ್ಸವಕ್ಕೆ ಕಳಿಸುವವರೆಗೆ ಎಲ್ಲ ಹಂತವನ್ನೂ ಕಲಿಸುತ್ತದೆ. ಮುಂದೆ ಯಾರಾದರೂ ಹಣ ಕೊಡಲು ಮುಂದಾದರೆ ಅವರು ಮೊದಲು ಕೇಳುವುದು ಹಿಂದೆ ಏನು ಮಾಡಿದ್ದೀರಿ ಎಂದೇ.

‘ಪ್ಯಾಪಿಲಿಯೋ ಬುದ್ಧ’ ಮತ್ತು ಸೆನ್ಸಾರ್

ಚೆರಿಯನ್ ಅವರ ಮೊದಲ ಕಥಾಚಿತ್ರ ‘ಪ್ಯಾಪಿಲಿಯೋ ಬುದ್ಧ’. ಹೆಸರು ಪಶ್ಚಿಮ ಘಟ್ಟದ ಚಿಟ್ಟೆಯದು. ಕಥೆ ಭೂಮಿಗಾಗಿ ಹೋರಾಡುವ ಕೇರಳದ ದಲಿತರದು; ಮುತ್ತಂಗ, ಚೆಂಗರದಂಥ ಹೋರಾಟಗಳ ಅನುಭವ ಅದರ ಹಿಂದಿದೆ. ಕಣ್ಣೂರಿನ ಕಾಂಡ್ಲಾವನಗಳನ್ನು ಉಳಿಸಿ ಬೆಳೆಸಿದ ಕಲ್ಲೇನ್ ಪೊಕ್ಕುಡನ್ ಇದರಲ್ಲಿ ನಟಿಸಿದ್ದಾರೆ. ವೃತ್ತಿಪರ ನಟರ ಪಕ್ಕದಲ್ಲೇ ಆ ಬದುಕನ್ನು ಬಾಳಿದವರನ್ನು ನಿಲ್ಲಿಸುವುದನ್ನು ಚೆರಿಯನ್ ಇಲ್ಲಿಂದಲೇ ರೂಢಿಸಿಕೊಂಡರು.

2012ರಲ್ಲಿ ಸೆನ್ಸಾರ್ ಮಂಡಳಿ ಚಿತ್ರಕ್ಕೆ ಪ್ರಮಾಣಪತ್ರ ನಿರಾಕರಿಸಿತು. ಅಂಬೇಡ್ಕರ್ ಅವರ ನೆಲೆಯಿಂದ ಗಾಂಧೀಜಿಯನ್ನು ಟೀಕಿಸುವ ಭಾಗಗಳು ಮುಖ್ಯ ತಕರಾರಾದವು. ಕೆಲವು ಮಾತುಗಳ ಸದ್ದು ಅಳಿಸಿದ ಬಳಿಕವಷ್ಟೇ ಬಿಡುಗಡೆಗೆ ದಾರಿಯಾಯಿತು. ಅದೇ ಚಿತ್ರವನ್ನು ಕೇರಳ ರಾಜ್ಯ ಚಲನಚಿತ್ರ ಪ್ರಶಸ್ತಿಯ ತೀರ್ಪುಗಾರರು ವಿಶೇಷವಾಗಿ ಗುರುತಿಸಿದರು. 2016ರ ‘ಕಾ ಬಾಡಿಸ್ಕೇಪ್ಸ್’ ಕೋಯಿಕ್ಕೋಡಿನ ಮೂವರು ಯುವಜನರ ಕಥೆ. ದೇಹ, ಪ್ರೇಮ, ಲೈಂಗಿಕತೆಯನ್ನು ಮುಚ್ಚುಮರೆಯಿಲ್ಲದೆ ಕಂಡ ಚಿತ್ರ. ಅದಕ್ಕೂ ಪ್ರಮಾಣಪತ್ರ ಸಿಗದೆ ಕೇರಳ ಹೈಕೋರ್ಟಿನ ಮೆಟ್ಟಿಲು ಹತ್ತಬೇಕಾಯಿತು.

ಇಂಥ ಅಲೆದಾಟ ದೊಡ್ಡ ನಿರ್ಮಾಣ ಸಂಸ್ಥೆಗೆ ಕಿರಿಕಿರಿ, ಒಂಟಿ ಚಿತ್ರಕಾರರಿಗೆ ಉಸಿರು ಕಟ್ಟಿಸುವ ಸಂಗತಿ. ವಕೀಲರ ಶುಲ್ಕ ಒಂದೆಡೆ, ಬಡ್ಡಿ ಇನ್ನೊಂದೆಡೆ, ನಡುವೆ ವರ್ಷಗಳೇ ಜಾರಿಹೋಗುತ್ತವೆ. ಮೊದಲಾದರೆ ಮಂಡಳಿಯ ತೀರ್ಮಾನದ ವಿರುದ್ಧ ಹೋಗಲು ದಿಲ್ಲಿಯಲ್ಲೊಂದು ಮೇಲ್ಮನವಿ ನ್ಯಾಯಮಂಡಳಿ ಇತ್ತು. ಕೇಂದ್ರ ಸರ್ಕಾರ 2021ರ ಏಪ್ರಿಲ್‌ನಲ್ಲಿ ಅದನ್ನು ರದ್ದು ಮಾಡಿತು. ಈಗ ನೇರ ಹೈಕೋರ್ಟಿಗೇ ಹೋಗಬೇಕು. ಸಣ್ಣ ಚಿತ್ರಗಳ ಪಾಲಿಗೆ ಇದೊಂದು ನಿಜವಾದ ನಷ್ಟ. 2023ರ ತಿದ್ದುಪಡಿ ಕಾಯ್ದೆ ಒಂದು ಅನುಕೂಲ ಮಾಡಿಕೊಟ್ಟಿದೆ: ಹತ್ತು ವರ್ಷಕ್ಕೆ ಮುಗಿಯುತ್ತಿದ್ದ ಪ್ರಮಾಣಪತ್ರ ಇನ್ನು ಶಾಶ್ವತ. ಯುಎ ವರ್ಗವನ್ನೂ 7, 13 ಮತ್ತು 16 ವರ್ಷ ಮೇಲ್ಪಟ್ಟವರಿಗೆ ಎಂದು ಮೂರಾಗಿ ಒಡೆದಿದ್ದಾರೆ.

ನಾಲ್ಕು ತಾಲೂಕುಗಳ ಜನ

ಪೋರ್ಚುಗೀಸರು ಪೂರ್ವ ಆಫ್ರಿಕದಿಂದ ಗೋವಾಕ್ಕೆ ಗುಲಾಮರಾಗಿ ತಂದ ಜನರಲ್ಲಿ ಹಲವರು ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದರು. ಅವರ ಸಂತತಿ ಇಂದಿನ ಸಿದ್ದಿಗಳು. ಯಲ್ಲಾಪುರ, ಅಂಕೋಲಾ ಕಡೆ ಹೆಚ್ಚಿನವರು ಹಿಂದೂಗಳು. ಹಳಿಯಾಳ, ಮುಂಡಗೋಡ ಕಡೆ ಮುಸ್ಲಿಮರೂ ಕ್ರೈಸ್ತರೂ ಇದ್ದಾರೆ. ಧರ್ಮ ಬೇರೆಯಾದರೂ ಹಿರಿಯರ ಪೂಜೆ, ಡಮಾಮ್ ಬಡಿತ, ಪುಗಡಿ ಕುಣಿತ ಅವರನ್ನು ಒಂದು ಮಾಡುತ್ತವೆ. ಮನೆಯಲ್ಲಿ ಆಡುವುದು ಮರಾಠಿ, ಕನ್ನಡ ಬೆರೆತ ಕೊಂಕಣಿ. ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದು 2003ರಲ್ಲಿ.

ಇದೇ ಕಾಡಿನಲ್ಲಿ ಇನ್ನೂ ಎಷ್ಟೋ ಬದುಕುಗಳಿವೆ. ಜೊಯಿಡಾದ ಕುಣಬಿಗಳು ಗಡ್ಡೆ ಗೆಣಸಿನ ನೂರು ಬಗೆಯನ್ನು ಬಲ್ಲವರು. ಪ್ರತಿವರ್ಷ ಜೊಯಿಡಾದಲ್ಲಿ ಗಡ್ಡೆ ಗೆಣಸು ಮೇಳ ನಡೆಯುತ್ತದೆ. ಗಡಿಯಾಚೆಯ ಗೋವಾದ ಕುಣಬಿಗಳಿಗೆ ಪರಿಶಿಷ್ಟ ಪಂಗಡದ ಸ್ಥಾನ ಸಿಕ್ಕಿದೆ, ಈಚೆಯವರು ಇನ್ನೂ ಕೇಳುತ್ತಲೇ ಇದ್ದಾರೆ. ಎಮ್ಮೆ ಕಟ್ಟಿಕೊಂಡು ಕಾಡಂಚಿನ ದಡ್ಡಿಗಳಲ್ಲಿ ಬದುಕುವ ಗೌಳಿಗಳಿದ್ದಾರೆ. 1966ರಿಂದ ಮುಂಡಗೋಡದಲ್ಲಿ ಟಿಬೆಟನ್ ನಿರಾಶ್ರಿತರ ನೆಲೆಯಿದೆ. ಗಂದೆನ್, ದ್ರೆಪುಂಗ್ ಮಹಾಮಠಗಳು ಅಲ್ಲಿ ಮತ್ತೆ ಚಿಗುರಿವೆ. ದಾಂಡೇಲಿಯಂತೂ ಕಾಗದದ ಕಾರ್ಖಾನೆ ಕಟ್ಟಿದ ಊರು. ಊರೂರಿನಿಂದ ದುಡಿಯಲು ಬಂದವರ ಮರಾಠಿ, ಉರ್ದು, ತೆಲುಗು, ಕೊಂಕಣಿ, ಕನ್ನಡ ಅಲ್ಲಿನ ಒಂದೇ ಓಣಿಯಲ್ಲಿ ಕೇಳಿಸುತ್ತವೆ.

‘ರಿದಮ್ ಆಫ್ ಡಮಾಮ್’

ಚಿತ್ರದ ನಡುವೆ ಇರುವವನು ಜಯರಾಮ ಸಿದ್ದಿ ಎಂಬ 12 ವರ್ಷದ ಹುಡುಗ. ತೀರಿಹೋದ ಅಜ್ಜನ ಆತ್ಮ ಅವನನ್ನು ಬಿಡದೆ ಕಾಡುತ್ತದೆ. ಮನೆಯವರು ಇದನ್ನು ದೆವ್ವದ ಕಾಟವೆಂದು ತಿಳಿದು ಬಿಡಿಸಲು ಹೊರಡುತ್ತಾರೆ. ಹುಡುಗನಿಗೋ ಅಜ್ಜನ ಮೂಲಕ ತನ್ನ ಜನ ದಾಟಿಬಂದ ಗುಲಾಮಗಿರಿಯ ನೆನಪು, ಕಡಲು, ಸಂಕೋಲೆ ಕಾಣತೊಡಗುತ್ತವೆ. ಶಾಲೆಯ ಪುಸ್ತಕದಲ್ಲಿ ಎಲ್ಲೂ ಇಲ್ಲದ ಚರಿತ್ರೆ ಡಮಾಮಿನ ಬಡಿತದೊಳಗಿಂದ ಎದ್ದುಬರುತ್ತದೆ. ಹಿರಿಯರು ಸತ್ತು ಹೋಗುವುದಿಲ್ಲ, ಮನೆಯೊಳಗೇ ಇರುತ್ತಾರೆ ಎಂಬ ಸಿದ್ದಿಗಳ ನಂಬಿಕೆಯನ್ನೇ ಚೆರಿಯನ್ ಕಥನಕ್ಕೆ ಬೆನ್ನೆಲುಬು ಮಾಡಿಕೊಂಡಿದ್ದಾರೆ. ಹೊರಗಿನವರು ಬುಡಕಟ್ಟಿನ ಚಿತ್ರ ತೆಗೆದಾಗ ಸಾಮಾನ್ಯವಾಗಿ ಕುಣಿತವನ್ನು ಅಲಂಕಾರಕ್ಕೆ ಬಳಸುತ್ತಾರೆ. ಇಲ್ಲಿ ಕುಣಿತವನ್ನು ತೆಗೆದರೆ ಕಥೆಯೇ ನಿಲ್ಲುವುದಿಲ್ಲ. ಈ ಚಿತ್ರದ ದೊಡ್ಡ ಗುಣ ಇದೇ ಎಂದು ನನ್ನ ಎಣಿಕೆ.

ಪಾತ್ರಗಳು ಸಿದ್ದಿಗಳ ಮನೆಮಾತನ್ನೇ ಆಡುತ್ತವೆ. ವ್ಯಾಪಾರದ ದೃಷ್ಟಿಯಿಂದ ಇದು ಹುಚ್ಚು ಸಾಹಸ: ಆ ಮಾತಿಗೆ ಮಾರುಕಟ್ಟೆ ಇಲ್ಲ, ಟಿವಿ ಹಕ್ಕು ಕೊಳ್ಳುವವರಿಲ್ಲ. ಬೇರೆಯವರ ಹಣ ಇದ್ದಿದ್ದರೆ ಶುದ್ಧ ಕನ್ನಡಕ್ಕೋ ಹಿಂದಿಗೋ ತಿರುಗಿಸಿ ಎಂಬ ಒತ್ತಡ ಬಾರದೆ ಇರುತ್ತಿರಲಿಲ್ಲ. ಆ ಮಾತು ತೆರೆಯ ಮೇಲೆ ಉಳಿದದ್ದು ಚಿತ್ರಕಾರರು ಸ್ವತಂತ್ರರಾಗಿದ್ದುದರಿಂದ.

ನಟರು ಎಲ್ಲಿಂದ ಬಂದರು?

ಸಿದ್ದಿ ನಟರು ಒಮ್ಮೆಗೇ ಹುಟ್ಟಿಕೊಂಡವರಲ್ಲ. ಹೆಗ್ಗೋಡಿನ ರಂಗಸಂಸ್ಥೆ ನೀನಾಸಮ್ ಬಹಳ ಹಿಂದೆಯೇ ಈ ಸಮುದಾಯದ ಜೊತೆ ಕೆಲಸ ಶುರುಮಾಡಿತ್ತು. ಚಿನುವ ಅಚಿಬೆಯ ಪ್ರಸಿದ್ಧ ಕಾದಂಬರಿ ‘ಥಿಂಗ್ಸ್ ಫಾಲ್ ಅಪಾರ್ಟ್’ ಆಧರಿಸಿದ ‘ಕಪ್ಪು ಜನ ಕೆಂಪು ನೆರಳು’ ನಾಟಕವನ್ನು ಚಿದಂಬರರಾವ್ ಜಂಬೆ ಸಿದ್ದಿಗಳಿಂದಲೇ ಆಡಿಸಿದರು. ನೈಜೀರಿಯಾದ ಹಳ್ಳಿಯ ಕಥೆಯನ್ನು ಉತ್ತರ ಕನ್ನಡದ ಆಫ್ರಿಕ ಮೂಲದ ಜನ ಕನ್ನಡದಲ್ಲಿ ಆಡಿದ್ದು ನಮ್ಮ ರಂಗಭೂಮಿಯ ಹೆಮ್ಮೆಯ ಗಳಿಗೆಗಳಲ್ಲೊಂದು. ಮುಂದಿನ ಪೀಳಿಗೆಯಲ್ಲಿ ಗಿರಿಜಾ ಸಿದ್ದಿ, ಪ್ರಶಾಂತ್ ಸಿದ್ದಿಯಂಥ ಕಲಾವಿದರು ಬಂದರು. ಪ್ರಶಾಂತ್ ಯೋಗರಾಜ್ ಭಟ್ಟರ ‘ಪರಮಾತ್ಮ’ (2011) ಚಿತ್ರದಿಂದ ತೆರೆಗೆ ಪರಿಚಿತರಾದರು. 2021ರ ‘ಸಲಗ’ಕ್ಕೆ ಗಿರಿಜಾ ಮತ್ತು ಸಂಗಡಿಗರು ಹಾಡಿದ ಹಾಡು ನಾಡಿನ ಮೂಲೆಮೂಲೆಗೂ ಹೋಯಿತು.

ಆದರೆ ಜನಪ್ರಿಯ ಚಿತ್ರಗಳು ಸಿದ್ದಿ ನಟರಿಗೆ ಕೊಟ್ಟ ಪಾತ್ರಗಳು ಹೆಚ್ಚಾಗಿ ಅಂಚಿನವು. ರಂಗಶಿಕ್ಷಣ ಪಡೆದವರಿಗೂ ಗೆಳೆಯನ ಪಾತ್ರ, ರೌಡಿಯ ಪಾತ್ರ, ನಗೆಯ ತುಣುಕು. ಮನೆ, ಅಜ್ಜ, ಕನಸು, ಭಯ ಎಲ್ಲ ಇರುವ ಇಡೀ ಮನುಷ್ಯನಾಗಿ ಸಿದ್ದಿಯೊಬ್ಬ ತೆರೆಗೆ ಬರಲು ಬೇರೆ ಬಗೆಯ ಸಿನಿಮಾವೇ ಬೇಕಾಯಿತು.

ಹಣದ ದಾರಿಗಳು

ದುಡ್ಡು ಹೊಂದಿಸುವುದಕ್ಕೆ ಒಂದೇ ಸೂತ್ರವಿಲ್ಲ. ಕನ್ನಡದಲ್ಲಿ ಹೊಸ ಬಾಗಿಲು ತೆರೆದವರು ಪವನ್ ಕುಮಾರ್. ‘ಮನಸಾರೆ’, ‘ಪಂಚರಂಗಿ’ಗಳಿಗೆ ಬರೆದು, ‘ಲೈಫು ಇಷ್ಟೇನೆ’ ನಿರ್ದೇಶಿಸಿದ ಮೇಲೂ ಅವರ ಮುಂದಿನ ಚಿತ್ರಕಥೆಗೆ ನಿರ್ಮಾಪಕರು ಸಿಗಲಿಲ್ಲ. ಆಗ ನೇರ ಪ್ರೇಕ್ಷಕರನ್ನೇ ಕೇಳಿದರು. 27 ದಿನಗಳಲ್ಲಿ 110 ಜನರಿಂದ 50 ಲಕ್ಷ ರೂಪಾಯಿ ಕೂಡಿತು. ಹಾಗೆ ಆದ ‘ಲೂಸಿಯಾ’ 2013ರಲ್ಲಿ ಲಂಡನ್ನಿನ ಭಾರತೀಯ ಚಿತ್ರೋತ್ಸವದಲ್ಲಿ ಪ್ರೇಕ್ಷಕರ ಪ್ರಶಸ್ತಿ ಪಡೆದು, ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಬಿಡುಗಡೆಯಾಯಿತು. ಪವನ್ ಆಗಲೇ ಹೆಸರು ಮಾಡಿದ್ದರು, ಅವರನ್ನು ಓದುವ ಜನ ಇದ್ದರು ಎಂಬುದನ್ನು ಹೊಸಬರು ನೆನಪಿಡಬೇಕು. ಹೆಸರಿಲ್ಲದವರಿಗೆ ಜನರ ಹಣ ಅಷ್ಟು ಬೇಗ ಕೂಡುವುದಿಲ್ಲ.

ಎರಡನೆಯ ದಾರಿ ಗೋವಾದ ಫಿಲ್ಮ್ ಬಜಾರ್. ರಾಷ್ಟ್ರೀಯ ಚಲನಚಿತ್ರ ಅಭಿವೃದ್ಧಿ ನಿಗಮ 2007ರಲ್ಲಿ ಇದನ್ನು ಆರಂಭಿಸಿತು. ಬರೆದಿಟ್ಟ ಚಿತ್ರಕಥೆ ಅಥವಾ ಅರ್ಧ ಮುಗಿದ ಚಿತ್ರ ಹಿಡಿದು ಬಂದವರಿಗೆ ಇಲ್ಲಿ ದೇಶವಿದೇಶದ ನಿರ್ಮಾಪಕರು, ಉತ್ಸವಗಳ ಆಯ್ಕೆದಾರರು ಸಿಗುತ್ತಾರೆ. ಜೊಯಿಡಾ ತಾಲೂಕಿನ ಕ್ಯಾಸಲ್‌ರಾಕ್ ದಾಟಿದರೆ ಗೋವಾ. ಬೆಂಗಳೂರಿನ ಹುಡುಗರಿಗಿಂತ ನಮಗೇ ಹತ್ತಿರದಲ್ಲಿರುವ ಈ ಸಂತೆಗೆ ನಮ್ಮ ಕಡೆಯ ಬರಹಗಾರರು ಇನ್ನೂ ಹೆಚ್ಚು ಹೋಗಬೇಕು.

ಕರ್ನಾಟಕ ಸರ್ಕಾರದ ಸಹಾಯಧನವೂ ಇದೆ. ಕನ್ನಡವಲ್ಲದೆ ತುಳು, ಕೊಡವ, ಕೊಂಕಣಿ, ಬಂಜಾರದಂಥ ಭಾಷೆಗಳ ಚಿತ್ರಗಳೂ ಅರ್ಹ. ಆದರೆ ಈ ಹಣ ಸಿಗುವುದು ಚಿತ್ರ ಮುಗಿದು, ಪ್ರಮಾಣಪತ್ರ ಬಂದು, ಆಯ್ಕೆ ಸಮಿತಿ ನೋಡಿದ ಮೇಲೆ. ಸಾಲ ತೀರಿಸಲು ನೆರವಾದೀತು, ಶೂಟಿಂಗ್ ಶುರುಮಾಡಲು ಅಲ್ಲ. ಮನೆ ಜಾಗ ಅಡವಿಟ್ಟು ಈ ದುಡ್ಡನ್ನೇ ನಂಬಿ ಕೂರುವುದು ಅಪಾಯ.

ಕಾಡಿನಲ್ಲಿ ಶೂಟಿಂಗ್

ದಾಂಡೇಲಿ ಅಭಯಾರಣ್ಯ ಮತ್ತು ಅಣಶಿ ರಾಷ್ಟ್ರೀಯ ಉದ್ಯಾನ ಸೇರಿ 2007ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು. 2015ರಲ್ಲಿ ಅದಕ್ಕೆ ಕಾಳಿ ಎಂದು ಹೆಸರಿಟ್ಟರು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಇದರೊಳಗೆ ಚಿತ್ರೀಕರಿಸಲು ಮುಖ್ಯ ವನ್ಯಜೀವಿ ಪರಿಪಾಲಕರ ಅನುಮತಿ ಬೇಕೇಬೇಕು. ಶುಲ್ಕವಿದೆ, ಷರತ್ತುಗಳಿವೆ. ದೊಡ್ಡ ದೀಪ, ಜನರೇಟರ್ ಸದ್ದು, ಗುಂಪು ಕಾಡಿಗೆ ಹೊಂದುವುದಿಲ್ಲ, ಹೊಂದಲೂಬಾರದು. ಸಣ್ಣ ಯೂನಿಟ್ ಇದ್ದವರಿಗೆ ಇದು ಕಷ್ಟವಲ್ಲ. ಅವರು ಹೇಗೂ ಹಗಲು ಬೆಳಕನ್ನೇ ನಂಬಿದವರು. ಸಂರಕ್ಷಿತ ಪ್ರದೇಶದ ಹೊರಗಿನ ಹಳ್ಳಿ, ಗದ್ದೆ, ಮಾಲ್ಕಿ ಬೆಟ್ಟಗಳಲ್ಲಿ ಪಂಚಾಯತಿ ಮತ್ತು ಜಾಗದ ಒಡೆಯರ ಒಪ್ಪಿಗೆಯಿಂದ ಎಷ್ಟೋ ಕೆಲಸ ಆಗುತ್ತದೆ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಘಟ್ಟದ ಮಳೆ. ತೆರೆಯಲ್ಲಿ ಅದರ ಚೆಲುವೇ ಬೇರೆ, ಆದರೆ ಸ್ಥಳದಲ್ಲೇ ಮಾತು ಮುದ್ರಿಸಿಕೊಳ್ಳುವ ಚಿತ್ರಕ್ಕೆ ಹೆಂಚಿನ ಮೇಲಿನ ಮಳೆಸದ್ದು ದೊಡ್ಡ ಶತ್ರು. ಮುಂಡಗೋಡದ ಟಿಬೆಟನ್ ಕ್ಯಾಂಪಿನಲ್ಲಿ ಇನ್ನೊಂದು ನಿಯಮವಿದೆ: ವಿದೇಶಿ ಪ್ರಜೆಗಳು ಅಲ್ಲಿ ತಂಗಲು ಗೃಹ ಸಚಿವಾಲಯದ ಸಂರಕ್ಷಿತ ಪ್ರದೇಶ ಪರವಾನಗಿ ತರಬೇಕು. ಹೊರದೇಶದ ಕ್ಯಾಮೆರಾಮನ್ ಜೊತೆಗಿದ್ದರೆ ತಿಂಗಳುಗಳ ಮೊದಲೇ ಅರ್ಜಿ ಹಾಕಿರಬೇಕು.

ಮನೆಯಂಗಳದಿಂದ ಬರ್ಲಿನ್‌ಗೆ

ಚೆರಿಯನ್ ಹೊರಗಿನಿಂದ ಬಂದವರಾದರೆ ನಟೇಶ್ ಹೆಗಡೆ ಉತ್ತರ ಕನ್ನಡದ ಹಳ್ಳಿಯಲ್ಲೇ ಬೆಳೆದವರು. ಕಿರುಚಿತ್ರ ಮಾಡಿ ಕಲಿತರು. ಮೊದಲ ಕಥಾಚಿತ್ರ ‘ಪೆದ್ರೊ’ಗೆ ತಮ್ಮ ತಂದೆ ಗೋಪಾಲ ಹೆಗಡೆಯವರನ್ನೇ ನಾಯಕನ ಪಾತ್ರಕ್ಕೆ ಆರಿಸಿದರು. ಊರಿನ ಕರೆಂಟ್ ಕೆಲಸ ಮಾಡಿಕೊಂಡಿರುವ ಕ್ರೈಸ್ತ ನಡುವಯಸ್ಕನೊಬ್ಬನ ಕೈಯಲ್ಲಿ ಅಕಸ್ಮಾತ್ ಆಕಳೊಂದು ಸತ್ತು, ಊರು ಅವನ ಮೇಲೆ ತಿರುಗಿಬೀಳುವ ಕಥೆ. ರಿಷಬ್ ಶೆಟ್ಟಿ ನಿರ್ಮಾಪಕರಾಗಿ ಬೆನ್ನಿಗೆ ನಿಂತರು. 2021ರಲ್ಲಿ ಚಿತ್ರ ಬೂಸಾನ್ ಉತ್ಸವಕ್ಕೆ ಹೋಯಿತು. ಚೀನಾದ ಪಿಂಗ್ಯಾವ್ ಉತ್ಸವದಲ್ಲಿ ನಟೇಶ್‌ಗೆ ಅತ್ಯುತ್ತಮ ನಿರ್ದೇಶಕ ಪ್ರಶಸ್ತಿ ಬಂತು. ಅಮರೇಶ ನುಗಡೋಣಿ ಅವರ ಕಥಾಲೋಕದಿಂದ ಹುಟ್ಟಿದ ಎರಡನೆಯ ಚಿತ್ರ ‘ವಾಘಾಚಿಪಾಣಿ’ 2025ರ ಬರ್ಲಿನ್ ಉತ್ಸವದ ಫೋರಂ ವಿಭಾಗದಲ್ಲಿ ತೆರೆ ಕಂಡಿತು. ಅಚ್ಯುತ್ ಕುಮಾರ್ ಜೊತೆ ಮಲಯಾಳಂನ ದಿಲೀಶ್ ಪೋತನ್ ನಟಿಸಿದ ಆ ಚಿತ್ರಕ್ಕೆ ಅನುರಾಗ್ ಕಶ್ಯಪ್ ಕೂಡ ನಿರ್ಮಾಪಕರಲ್ಲೊಬ್ಬರು.

ನಟೇಶ್ ಅವರ ಚಿತ್ರಗಳಲ್ಲಿ ಕಾಡು ಪ್ರವಾಸಿಗರ ಕಾಡಲ್ಲ. ಅಲ್ಲಿ ಅಡಿಕೆ ತೋಟದ ಮಾಲೀಕ, ಕೂಲಿಯವ, ಹಂದಿ, ಕೋವಿ, ಗುಮಾನಿ ಎಲ್ಲ ಒಟ್ಟಿಗೆ ಬದುಕುತ್ತವೆ. ಊರವನಿಗೆ ಮಾತ್ರ ತಿಳಿಯುವ ಮೌನಗಳಿವೆ. ಎರಡು ದಾರಿಗಳನ್ನೂ ಪಕ್ಕಪಕ್ಕ ಇಟ್ಟು ನೋಡಿದಾಗ ನನಗೆ ನಟೇಶ್ ಅವರ ದಾರಿಯ ಮೇಲೆ ಹೆಚ್ಚು ಭರವಸೆ. ಸಿದ್ದಿಗಳ ಕಥೆಯನ್ನು ಚೆರಿಯನ್ ಗೌರವದಿಂದ ಹೇಳಿದ್ದಾರೆ. ಆದರೂ ಸಿದ್ದಿ ಹುಡುಗಿಯೊಬ್ಬಳು ಬರೆದು ನಿರ್ದೇಶಿಸಿದಾಗ ಅದು ಬೇರೆಯದೇ ಚಿತ್ರವಾಗುತ್ತದೆ.

ಬಿಡುಗಡೆಯ ಗೋಡೆ

ಈ ವೃತ್ತಿಯ ದೊಡ್ಡ ತೊಡಕು ಇರುವುದು ಇಲ್ಲಿ. ಉತ್ಸವಕ್ಕೆ ಆಯ್ಕೆಯಾದ ಚಿತ್ರ ಅಲ್ಲಿ ಒಂದೆರಡು ಪ್ರದರ್ಶನ ಕಾಣುತ್ತದೆ. ಅದರ ಆಚೆ ಥಿಯೇಟರ್ ಬಾಡಿಗೆ, ಡಿಜಿಟಲ್ ಪ್ರೊಜೆಕ್ಷನ್ ಸಂಸ್ಥೆಗಳ ಶುಲ್ಕ, ಪೋಸ್ಟರ್, ಪ್ರಚಾರ ಎಲ್ಲ ಸೇರಿ ಚಿತ್ರ ತೆಗೆದಷ್ಟೇ ಖರ್ಚಾಗಬಹುದು. ಶುಕ್ರವಾರ ಬಂದ ಸಣ್ಣ ಚಿತ್ರಕ್ಕೆ ಸಿಗುವುದು ಬೆಳಗಿನ ಒಂದು ಆಟ, ಸೋಮವಾರಕ್ಕೆ ಅದೂ ಇಲ್ಲ. ಒಟಿಟಿ ಕಂಪನಿಗಳು ತಾರೆಗಳಿಲ್ಲದ ಕನ್ನಡ ಚಿತ್ರ ಕೊಳ್ಳಲು ಹಿಂಜರಿಯುತ್ತವೆ. ಕೇರಳ ಸರ್ಕಾರ 2024ರ ಮಾರ್ಚ್‌ನಲ್ಲಿ ‘ಸಿ ಸ್ಪೇಸ್’ ಎಂಬ ಸ್ವಂತ ಒಟಿಟಿ ಆರಂಭಿಸಿತು. ಕರ್ನಾಟಕವೂ 2025ರ ಬಜೆಟ್‌ನಲ್ಲಿ ಅಂಥದ್ದನ್ನು ಘೋಷಿಸಿತು.

ಥಿಯೇಟರ್ ಸಿಗದಿದ್ದರೆ ಹಳ್ಳಿ ಪ್ರದರ್ಶನ ಇದೆ. ನೀನಾಸಮ್‌ನ ಕೆ.ವಿ. ಸುಬ್ಬಣ್ಣ 1970ರ ದಶಕದಲ್ಲೇ ಹೆಗ್ಗೋಡಿನಲ್ಲಿ ಚಿತ್ರಸಮಾಜ ಕಟ್ಟಿ, ಜಗತ್ತಿನ ಒಳ್ಳೆಯ ಚಿತ್ರಗಳನ್ನು ರೈತರಿಗೆ ತೋರಿಸಿದರು. ಈಗ ಒಂದು ಪ್ರೊಜೆಕ್ಟರ್, ಬಿಳಿ ಪರದೆ, ಶಾಲೆಯ ಸಭಾಂಗಣ ಇದ್ದರೆ ಸಾಕು. ಹಳಿಯಾಳದಲ್ಲಿ, ಮುಂಡಗೋಡದಲ್ಲಿ, ಸಿದ್ದಿಗಳ ವಾಡೆಗಳಲ್ಲಿ ಇಂಥ ಪ್ರದರ್ಶನ ಏರ್ಪಡಿಸಲು ಯುವಕ ಸಂಘಗಳು ಮುಂದಾಗಬೇಕು. ಪ್ರಮಾಣಪತ್ರವಿದೆಯೇ ಎಂದು ನೋಡಿಕೊಂಡು, ಚಿತ್ರಕಾರರ ಒಪ್ಪಿಗೆ ಪಡೆದು, ಹತ್ತಿಪ್ಪತ್ತು ರೂಪಾಯಿ ಟಿಕೆಟ್ ಇಟ್ಟರೂ ಆ ಹಣ ಅವರಿಗೆ ನೇರ ತಲುಪುತ್ತದೆ.

ಕಾಯುತ್ತಿರುವ ಕಥೆಗಳು

ತೆರೆಗೆ ಬರಲು ಕಾಯುತ್ತಿರುವ ಕಥೆಗಳಲ್ಲೊಂದು ಕಾಳಿ ನದಿಯ ಸೂಪಾ ಅಣೆಕಟ್ಟಿನದು. ಅಣೆಕಟ್ಟು 101 ಮೀಟರ್ ಎತ್ತರದ್ದು. 1987ರಲ್ಲಿ ಅದು ಪೂರ್ತಿಯಾಗುವ ಹೊತ್ತಿಗೆ ಕಾಳಿ ಕಣಿವೆಯ ಹಳ್ಳಿಗಳು ಮತ್ತು ಹಳೆಯ ಸೂಪಾ ಪಟ್ಟಣ ನೀರಿನಡಿ ಹೋದವು. ಮನೆ ಕಳೆದುಕೊಂಡ ಹಲವರನ್ನು ರಾಮನಗರಕ್ಕೆ ತಂದು ನೆಲೆಗೊಳಿಸಿದರು. ಆಗ ಇಪ್ಪತ್ತರ ಹರೆಯದಲ್ಲಿದ್ದವರಿಗೆ ಈಗ ಅರವತ್ತರ ಆಸುಪಾಸು. ಪೇಟೆಯ ಸಂತೆ, ಗುಡಿ, ನದಿ ದಾಟುತ್ತಿದ್ದ ಜಾಗ ಕಣ್ಣಿಗೆ ಕಟ್ಟಿದಂತೆ ಹೇಳಬಲ್ಲವರು ಅವರೇ. ಜೊಯಿಡಾದಲ್ಲೋ ದಾಂಡೇಲಿಯಲ್ಲೋ ಚಿತ್ರ ಮಾಡಬೇಕೆಂದಿರುವ ಯಾರೇ ಆಗಲಿ, ಚಿತ್ರಕಥೆ ಬರೆಯುವ ಮೊದಲು ಒಂದು ಮೊಬೈಲ್ ಮತ್ತು ಒಳ್ಳೆಯ ಮೈಕ್ ಹಿಡಿದು ರಾಮನಗರಕ್ಕೆ ಹೋಗಿ, ಅವರ ಮಾತು ಅವರದೇ ಕೊಂಕಣಿ, ಮರಾಠಿಯಲ್ಲಿ ದಾಖಲಿಸಿಕೊಳ್ಳಲಿ. ಅದಕ್ಕೆ ನಿರ್ಮಾಪಕರು ಬೇಕಿಲ್ಲ, ಈ ಬೇಸಿಗೆಯಲ್ಲೇ ಶುರುಮಾಡಬಹುದು.